ದುಲ್ಮಾ ಚಿಮುಕಿಸದ ಹಾಲು

ರೀ,

ಆರು ವರ್ಷ ಕಾಯಿಸಿ, ಸಿಯೋಲ್‌ನ ಚರ್ಚಿನವರು ನನ್ನನ್ನು ಮತ್ತೆ ಮಂಗೋಲಿಯಾಕ್ಕೆ ಧರ್ಮಪ್ರಚಾರದ ಸೇವೆಗೆ ಕಳಿಸಿದ್ದಾರೆ. ನಿನ್ನೆ ಜೀಪು ನಿಲ್ಲುತ್ತಲೇ ಪಕ್ಕದ ಡೇರೆಯ ದುಲ್ಮಾ ಓಡಿ ಬಂದಳು. ನನ್ನ ಹಿಂದೆ ಇಣುಕಿ, "ಯಜಮಾನ್ರೆಲ್ಲಿ ಅಕ್ಕಾ?" ಅಂದಳು.

"ಹೋದ ಚಳಿಗಾಲದಲ್ಲಿ ತೀರಿಕೊಂಡ್ರು."

ಅವಳು ನನ್ನನ್ನು ತನ್ನ ಡೇರೆಯೊಳಗೆ ಕೂರಿಸಿ, ಇಲ್ಲಿನವರ ರೂಢಿಯಂತೆ ಟೀಗೆ ಉಪ್ಪು ಹಾಕಿದಳು. ಆಮೇಲೆ ಮೆಲ್ಲಗೆ, "ಆರು ವರ್ಷದ ಹಿಂದೆ ನೀವಿಬ್ರೂ ನಿಮ್ಮೂರಿಗೆ ಹೊರಟಾಗ ದಾರಿಗೆ ಹಾಲು ಚಿಮುಕಿಸೋಕೆ ಬಂದಿದ್ದೆ, ಹೋದೋರು ಸುಖವಾಗಿ ವಾಪಸ್ ಬರ್ಲಿ ಅಂತ. ಮೂಢನಂಬಿಕೆ ಅಂತ ಬೈದು ನೀವೇ ನನ್ನ ಒಳಗೆ ಕಳಿಸಿದ್ರಿ ಅಕ್ಕಾ" ಅಂದಳು.

"ಬರೀ ಹಾಲಲ್ವೇನೇ, ಚಿಮುಕಿಸ್ಲಿ ಬಿಡು" ಅಂದಿದ್ದಿರಿ ನೀವು, ಅವತ್ತು ನನಗೆ.

ಇವತ್ತು ಬೆಳಿಗ್ಗೆ ಪಕ್ಕದೂರಿಗೆ ಪ್ರಾರ್ಥನೆಗೆ ಹೊರಟೆ. ದುಲ್ಮಾ ಬಾಗಿಲಲ್ಲಿ ಬರಿಗೈಯಲ್ಲಿ ನಿಂತಿದ್ದಳು. ಜೀಪಿನಿಂದಿಳಿದು, ಅವಳ ಡೇರೆಯೊಳಗೆ ಹೋಗಿ, ಹಾಲಿನ ಪಾತ್ರೆಯನ್ನು ನಾನೇ ತಂದು ಅವಳ ಕೈಗಿಟ್ಟೆ.