ಮಾವ ತಳ್ಳಿ ಸ್ಟಾರ್ಟ್ ಮಾಡಿದ ಕಂಪ್ಯೂಟರ್

ಮನೆಯಿಂದ,
ಜೂನ್ ೧೪, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಹಡಗಿನ ಇಂಜಿನ್ ರೂಮಿನ ಸೆಕೆಗೆ ಬೆನ್ನ ಮೇಲೆ ಎದ್ದಿದ್ದ ಗುಳ್ಳೆಗಳು ಮಾಯ್ದವೋ ಇಲ್ಲವೋ? ಹಚ್ಚಿಕೊಳ್ಳಿ ಎಂದು ಕೊಟ್ಟ ಮುಲಾಮನ್ನು ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟುಕೊಂಡಿರುತ್ತೀರಿ, ನನಗೆ ಗೊತ್ತು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಮಾವನ ಮಂಡಿನೋವು ಇದ್ದ ಹಾಗೇ ಇದೆ, ಅವರ ಬಾಯಿಯೂ ಅಷ್ಟೇ. ಈ ವಿಷಯವನ್ನು ಫೋನಿನಲ್ಲೇ ಹೇಳೋಣವೆಂದರೆ, ನೀವು ಬಂದರು ಮುಟ್ಟಿ ಫೋನ್ ಮಾಡಿದಾಗಲೆಲ್ಲ ಅವರು ನನ್ನ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾರೆ. ಅದಕ್ಕೇ ಕಾಗದ. ಕೂತುಕೊಂಡು ಓದಿ.

ಕೆಳಗಿನ ಅಂಗಡಿಯಲ್ಲಿ ಮಾವ ಈಗ ನನ್ನ ಬಲಗೈ. ಆಫೀಸುಗಳು ಕೈಬಿಟ್ಟ ಹಳೆ ಕಂಪ್ಯೂಟರುಗಳು ಬಂದರೆ ಡಿಸ್ಕ್ ಅಳಿಸಿ, ಧೂಳು ಊದಿ, ಕೆಟ್ಟ ಭಾಗ ಬದಲಿಸುವುದು ನಾನು. ಆಮೇಲೆ ಮೇಜಿನ ಮೇಲಿರುವ ನೆಟ್‌ವರ್ಕ್ ಕೇಬಲ್ ಚುಚ್ಚಿ ಶುರು ಮಾಡುವುದು ಅವರು. ಖಾಲಿ ಕಂಪ್ಯೂಟರು ತನಗೆ ಬೇಕಾದ್ದನ್ನೆಲ್ಲ ಮೂಲೆಯ ದೊಡ್ಡ ಮಶಿನ್‌ನಿಂದ ಆ ಕೇಬಲ್ ಮೂಲಕವೇ ಎಳೆದುಕೊಂಡು ಹೊಸದಾಗಿ ಎದ್ದು ಕೂರುತ್ತದೆ. ಜೀವಮಾನವೆಲ್ಲ ಬಸ್ ಓಡಿಸಿದವರಲ್ಲವೇ, ಇದಕ್ಕೆ ‘ತಳ್ಳು ಸ್ಟಾರ್ಟ್’ ಎಂದು ಹೆಸರಿಟ್ಟಿದ್ದಾರೆ. “ಬ್ಯಾಟರಿ ಸತ್ತ ಗಾಡೀನ ನಾಲ್ಕು ಜನ ತಳ್ತಾರಲ್ಲಮ್ಮ, ಹಾಗೇ ಇದು” ಅನ್ನುತ್ತಾರೆ. ಒಂದೊಂದು ಎದ್ದಾಗಲೂ ಗಿರಾಕಿಗಳ ಮುಂದೆ ಮೀಸೆ ತಿರುವುವುದು ಬೇರೆ.

ಮೊನ್ನೆ ನಾನು ಬಿಡಿಭಾಗ ತರಲು ಹೋಗಿದ್ದೆ. ಬಂದು ನೋಡಿದರೆ ಮೇಜಿನ ಮೇಲೆ ಕೇಬಲ್ ಚುಚ್ಚಿಸಿಕೊಂಡು ಕೂತಿದೆ ನಿಮ್ಮ ಮಹಡಿ ಕೋಣೆಯ ಕಂಪ್ಯೂಟರ್. ಅದು ಏಳುತ್ತಿರಲಿಲ್ಲವಂತೆ, ನಿಮಗೆ ಖುಷಿಯಾಗಲಿ ಎಂದು ಇವರೇ ಹೊತ್ತು ತಂದಿರಬೇಕು ಎಂದುಕೊಂಡೆ. ಪರದೆಯ ತುಂಬ ಹೊಚ್ಚಹೊಸ ನೀಲಿ, ನಿಮ್ಮದು ಎನ್ನುವುದು ಒಂದೂ ಇಲ್ಲ. ಕೈಯಲ್ಲಿದ್ದ ಚೀಲ ಎಲ್ಲಿಟ್ಟೆನೋ ಆಮೇಲೆ ಅರ್ಧ ಗಂಟೆ ಹುಡುಕಿದೆ. “ನೋಡಮ್ಮ, ಒಂದೇ ಸಲ ತಳ್ಳಿದ್ದಕ್ಕೆ ಎದ್ದುಬಿಡ್ತು” ಎಂದು ಮಾವ ನಗುತ್ತಿದ್ದರು. ತಪ್ಪು ಅವರದಲ್ಲ. ಅವರ ಕೈಗೆ ಹೋಗುವ ಡಿಸ್ಕುಗಳನ್ನೆಲ್ಲ ನಾನೇ ಮೊದಲು ಖಾಲಿ ಮಾಡಿ ಕೊಡುತ್ತೇನೆ. ತಳ್ಳು ಸ್ಟಾರ್ಟ್ ಇದ್ದದ್ದನ್ನೂ ಒರೆಸಿಹಾಕುತ್ತದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಅತ್ತೆಯ ದನಿ ಹೋಯಿತು ರೀ. ಅವರು ಬದುಕಿದ್ದಾಗ ನೀವು ಫೋನಿನಲ್ಲಿ ಹಿಡಿದು ಆ ಕಂಪ್ಯೂಟರಿಗೆ ಹಾಕಿಟ್ಟುಕೊಂಡದ್ದೆಲ್ಲ ಹೋಯಿತು. ಹಾಸಿಗೆ ಮೇಲೆ ಒದ್ದೆ ಟವೆಲ್ ಎಸೆದದ್ದಕ್ಕೆ ಮಾವನನ್ನು ಬೈದದ್ದು, ಬೈಯುತ್ತ ಬೈಯುತ್ತ ತಾವೇ ನಕ್ಕುಬಿಟ್ಟದ್ದು, ಯಾವುದೂ ಉಳಿದಿಲ್ಲ. ಫ್ಯಾನಿನ ಸದ್ದು ತೆಗೆದು ಚೊಕ್ಕ ಮಾಡಿ, ಈ ಸಲ ಬಂದಾಗ ಅಪ್ಪನಿಗೆ ಕೇಳಿಸಬೇಕು, ಅಲ್ಲಿಯವರೆಗೆ ಸುಳಿವೂ ಕೊಡಬೇಡ ಎಂದಿದ್ದಿರಿ. ನಿಮ್ಮ ಹಳೆ ಫೋನಂತೂ ನೀರಿಗೆ ಬಿದ್ದು ಸತ್ತು ವರ್ಷವಾಯಿತು. ಅಳಿಸಿಹೋದದ್ದನ್ನು ಹುಡುಕಿ ತೆಗೆಯುವ ನನ್ನ ಗೆಳತಿಯ ಹತ್ತಿರ ಅವತ್ತೇ ಡಿಸ್ಕ್ ಬಿಚ್ಚಿಕೊಂಡು ಓಡಿದೆ. ಹಳೆಯದರ ಮೇಲೆ ಹೊಸದು ಕೂತುಬಿಟ್ಟಿದೆ ಎಂದು ಇವತ್ತು ಬೆಳಿಗ್ಗೆ ವಾಪಸ್ ಕೊಟ್ಟಳು. ನನಗೆ ಇನ್ನೂ ನಂಬಿಕೆ ಬರುತ್ತಿಲ್ಲ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಬಾಯಲ್ಲಿ ಬಿಸಿತುಪ್ಪ; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆದರೆ ಇತ್ತೆಂದೇ ಗೊತ್ತಿಲ್ಲದವರಿಗೆ ಹೋಯಿತೆಂಬ ನೋವೂ ಇಲ್ಲವಲ್ಲ. ಅದು ನಮ್ಮಿಬ್ಬರ ಹೊಟ್ಟೆಯಲ್ಲೇ ಇರಲಿ. ನೀವು ಅವರ ಮೇಲೆ ಸಿಟ್ಟಾಗಬೇಡಿ.

ಇದನ್ನು ಓದಿ ಊಟ ಬಿಡಬೇಡಿ. ಮನಸ್ಸನ್ನು ಎಲ್ಲೋ ಇಟ್ಟುಕೊಂಡು ಇಂಜಿನ್ ಹತ್ತಿರ ಹೋಗಬೇಡಿ. ಮಾವನ ಆಶೀರ್ವಾದ ಕೇಳದೆಯೇ ಬರೆಯುತ್ತಿದ್ದೇನೆ, ಅದು ಯಾವತ್ತೂ ಇದ್ದದ್ದೇ.

ನಿಮ್ಮ ದಾರಿ ಕಾಯುವ,
ಸ್ಕ್ರೂಡ್ರೈವರ್ ರಾಣಿ

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ಮಾವ ಮಹಡಿಯಿಂದ ಇಳಿದು ಬಂದರು. ಡಿಸ್ಕ್ ಮತ್ತೆ ಹಾಕಿ ಕಂಪ್ಯೂಟರನ್ನು ನಿಮ್ಮ ಕೋಣೆಯಲ್ಲೇ ಇಟ್ಟಿದ್ದೆ. “ಅಲ್ಲಮ್ಮ, ಅವಳು ನನ್ನ ಬೈಯೋದು ಅದರಲ್ಲಿ ಎಲ್ಲಿ ಹೋಯ್ತು? ಎಷ್ಟು ಹುಡುಕಿದ್ರೂ ಸಿಗ್ತಾ ಇಲ್ಲ” ಎಂದರು. ನೀವು ಹಡಗು ಹತ್ತಿದಾಗಿನಿಂದ ದಿನಾ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೇಳುತ್ತಿದ್ದರಂತೆ. ಅದನ್ನು ಮತ್ತೆ ಕೇಳಬೇಕೆಂದೇ ಕೆಳಗೆ ಹೊತ್ತು ತಂದು ತಳ್ಳಿದ್ದಂತೆ. “ನಿಮ್ಮ ಮಗ ಅದನ್ನು ಜೊತೆಗೆ ತೆಗೆದುಕೊಂಡು ಹೋಗಿದ್ದಾರೆ ಮಾವ” ಎಂದುಬಿಟ್ಟೆ. ಈ ಕಾಗದ ಬಂದರಿನ ಏಜೆಂಟರ ಹತ್ತಿರ ಇರುತ್ತದೆ. ದಯವಿಟ್ಟು ಇದನ್ನು ಓದಿದ ಮೇಲೆಯೇ ಫೋನ್ ಮಾಡಿ. ಮಾಡಿದೊಡನೆ, ಅದನ್ನು ಕೇಳಿಸು ಎನ್ನುತ್ತಾರೆ. ಆಗಲೇ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡಿದ್ದಾರೆ.