ಮಾತ್ರೆ ಜಾಡಿಗೆ ಮುತ್ತಿದ ಇರುವೆ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಅಮ್ಮನಿಗೆ,

ನಿನ್ನ ಹದ್ದುಗಣ್ಣಿಯ ನಮಸ್ಕಾರ. ಫೋನು ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ನೀನು ಈಗಾಗಲೇ ಹುಬ್ಬು ಗಂಟಿಕ್ಕಿರುತ್ತೀಯ. ಫೋನಿನಲ್ಲಿ ನಾನು ಏನಾದರೂ ಕೇಳಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನು ಕೇಳಿದ್ದನ್ನೇ ಮರೆಯುತ್ತೇನೆ. ಕಾಗದದ ಮುಂದೆ ಎಷ್ಟು ಬೇಕಾದರೂ ಅಳು, ಅದು ಮಾತು ಬದಲಿಸುವುದಿಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. ಏಳನೆಯ ತಿಂಗಳ ಸ್ಕ್ಯಾನ್ ಆಯಿತು. ಮಗು ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲವಂತೆ. ಡಾಕ್ಟರಮ್ಮ ಪರದೆಯ ಮೇಲೆ ಅದರ ತೊಡೆಮೂಳೆ ಅಳೆದರು, ಹೊಟ್ಟೆಯ ಸುತ್ತಳತೆ ಅಳೆದರು, ನಂಬಿಕೆ ಬಾರದೆ ಇನ್ನೊಮ್ಮೆ ಅಳೆದರು. ನನ್ನ ರಕ್ತವೂ ಇಳಿದಿದೆ. ರಕ್ತಕ್ಕೆಂದು ಕೊಟ್ಟ ಕಬ್ಬಿಣದ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಎಂದೆ. ‘ದಿನಾ ನುಂಗಿದ್ರೆ ರಕ್ತ ಹೀಗಿರಲ್ಲಮ್ಮ’ ಎಂದು ನನ್ನನ್ನೇ ದಿಟ್ಟಿಸಿದರು. ಸುಳ್ಳು ಹೇಳುವವಳು ಅನ್ನಿಸಿಕೊಂಡು ಮನೆಗೆ ಬಂದೆ.

ಅವತ್ತಿನಿಂದ ತಲೆಗೆ ಅನುಮಾನದ ಹುಳ ಹೊಕ್ಕಿತು. ಯಾರ ಮೇಲೆ ಅಂತ ಕೇಳಬೇಕೆ? ಅತ್ತೆಯ ಮೇಲೆ. ನೀನು ತಿಂಗಳು ತಿಂಗಳು ಮಾತ್ರೆ ತುಂಬಿ ಕಳಿಸುವ ಗಾಜಿನ ಜಾಡಿ ಬಂದ ಕೂಡಲೇ ಅವರ ಕಪಾಟು ಸೇರುತ್ತದೆ. ಊಟವಾದ ಮೇಲೆ ಅವರೇ ಒಂದು ಮಾತ್ರೆ ತಂದು ಅಂಗೈಗೆ ಹಾಕಿ, ನಾನು ನೀರು ಕುಡಿದು ಬಾಯಿ ಒರೆಸುವ ತನಕ ಅಲ್ಲಾಡುವುದಿಲ್ಲ. ಸ್ಕ್ಯಾನ್ ಆದ ಮೇಲಂತೂ ‘ಬಾಯಿ ತೆಗಿ, ನೋಡೋಣ’ ಎನ್ನುವುದೊಂದು ಶುರುವಾಯಿತು. ಸೊಸೆಯ ಮೇಲೆ ಇಷ್ಟೊಂದು ಕಾಳಜಿ ಇಟ್ಟ ಅತ್ತೆಯನ್ನು ಯಾರು ನಂಬುತ್ತಾರೆ ಹೇಳು. ಮದುವೆಯ ಹೊಸದರಲ್ಲಿ ನೀನೇ ಕಿವಿಯಲ್ಲಿ ಹೇಳಿದ್ದೆಯಲ್ಲ, ಆಯಮ್ಮ ನಗುವುದು ಸ್ವಲ್ಪ ಜಾಸ್ತಿ, ಹುಷಾರು ಅಂತ.

ಮಾತ್ರೆಯ ಬಣ್ಣವೂ ನನ್ನನ್ನು ಚುಚ್ಚುತ್ತಿತ್ತು. ಗುಂಡಿ ಕಾರ್ಖಾನೆಯಲ್ಲಿ ದಿನವಿಡೀ ನಾನು ಮಾಡುವುದು ಬಣ್ಣ ನೋಡುವ ಕೆಲಸವೇ ತಾನೆ? ಒಂದೇ ಅಂಗಿಗೆ ಹೋಗುವ ಗುಂಡಿಗಳಲ್ಲಿ ಯಾವುದಾದರೂ ಒಂದೆಳೆ ತಿಳಿಯಾಗಿದ್ದರೆ ಎತ್ತಿ ಪಕ್ಕಕ್ಕೆ ಹಾಕುವುದು. ಆಸ್ಪತ್ರೆಯವರು ಮೊದಲು ಕೊಟ್ಟ ಮಾತ್ರೆ ಇಟ್ಟಿಗೆ ಕೆಂಪು, ಮಂಕು. ಅತ್ತೆ ಕೊಡುತ್ತಿದ್ದುದೂ ಅದೇ ಕೆಂಪು, ಆದರೆ ಚೂರು ಹೊಳಪು. ಕಂಪನಿ ಬೇರೆ ಇರಬೇಕು ಎಂದು ಸುಮ್ಮನಿದ್ದೆ.

ಈಗ ಸುಮ್ಮನಿರಲಾಗಲಿಲ್ಲ. ಅತ್ತೆ ತರಕಾರಿಗೆ ಹೋದ ಹೊತ್ತು ನೋಡಿ ಕಪಾಟು ತೆಗೆದೆ. ಜಾಡಿಯಲ್ಲಿದ್ದ ಮಾತ್ರೆಗಳಿಗೆಲ್ಲ ಸೂಜಿಯಿಂದ ಒಂದೊಂದು ಚುಕ್ಕಿ ಕುಕ್ಕಿದೆ. ಚುಕ್ಕಿಯಿಲ್ಲದ ಮಾತ್ರೆ ನನ್ನ ಕೈಗೆ ಬಂದರೆ ಕಳ್ಳಿ ಸಿಕ್ಕಿಬಿದ್ದಳು ಎಂದು ಲೆಕ್ಕ. ಬಂದದ್ದು ಚುಕ್ಕಿಯದ್ದೇ. ಮರುದಿನವೂ ಚುಕ್ಕಿಯದ್ದೇ. ಸಮಾಧಾನವಾಗಬೇಕಿತ್ತು, ಆಗಲಿಲ್ಲ, ಮುದುಕಿ ನನಗಿಂತ ಚುರುಕು ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಬುಧವಾರ ಬೆಳಿಗ್ಗೆ ಅತ್ತೆ ಆ ಜಾಡಿಯನ್ನು ತಂದು ನನ್ನ ಮುಂದೆ ಕುಕ್ಕಿದರು. ಹಿಂದಿನ ರಾತ್ರಿ ಮತ್ತೊಮ್ಮೆ ಕದ್ದು ತೆಗೆದು ನೋಡಿದಾಗ, ಅವಸರದಲ್ಲಿ ನಾನು ಮುಚ್ಚಳ ಸರಿಯಾಗಿ ತಿರುಗಿಸಿರಲಿಲ್ಲ. ಜಾಡಿಯ ಬಾಯಿಂದ ತಳದವರೆಗೆ ಇರುವೆ ಮುತ್ತಿತ್ತು.

‘ಮಾತ್ರೆಗೆ ಇರುವೆ ಬರೋದನ್ನ ಎಲ್ಲಾದ್ರೂ ನೋಡಿದ್ದೀಯಾ? ನಿಜ ಹೇಳು, ಮಾತ್ರೆ ಎಲ್ಲಿ ಬಚ್ಚಿಟ್ಟೆ? ವಾಂತಿ ಬರುತ್ತೆ ಅಂತ ಇದರಲ್ಲಿ ಮಿಠಾಯಿ ತುಂಬಿ, ನನ್ನ ಕೈಲೇ ಕೊಡಿಸ್ಕೊಂಡು ತಿಂತಿದ್ದೀಯಾ? ಹೊಟ್ಟೇಲಿರೋದು ನಿನ್ನೊಬ್ಬಳದೇನೇ?’

ಆಗ ಅವರ ಮುಖದಲ್ಲಿ ನಗು ಇರಲಿಲ್ಲ. ನಾನು ಅವರನ್ನು ಕಾಯುತ್ತಿದ್ದೆ, ಅವರು ನನ್ನನ್ನು ಕಾಯುತ್ತಿದ್ದರು, ಮಗು ಮಾತ್ರ ಇಬ್ಬರ ಕಾವಲಿನಲ್ಲೂ ಸೊರಗುತ್ತಿತ್ತು. ನೀವೇ ಮಾಡಿದ್ದು ಎಂದು ನಾನೂ ರೇಗಿದೆ. ಬಾಯಿಗೆ ಬಂದದ್ದೆಲ್ಲ ಒಬ್ಬರಿಗೊಬ್ಬರು ಅಂದೆವು. ಕೊನೆಗೆ ಅವರು ಒಂದು ಮಾತ್ರೆಯನ್ನು ಲೋಟದ ತಳದಿಂದ ಒಡೆದು ಅರ್ಧ ತಮ್ಮ ಬಾಯಿಗೆ ಹಾಕಿಕೊಂಡರು, ಅರ್ಧ ನನ್ನ ಬಾಯಿಗೆ ತುರುಕಿದರು. ಇಷ್ಟು ದಿನ ನೀರಿನ ಜೊತೆ ಗುಳುಂ ಎಂದು ನುಂಗಿದ್ದೆನೇ ಹೊರತು ಅಗಿದಿರಲಿಲ್ಲ. ಸಿಹಿ. ಒಳಗೆ ಸಣ್ಣಗೆ ಸೋಂಪಿನ ವಾಸನೆ.

ಅಮ್ಮ, ಆ ವಾಸನೆಯನ್ನು ನಾನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ನೀನು ಸಂಜೆ ಮಿಠಾಯಿ ಕಾರ್ಖಾನೆಯಿಂದ ಬಂದು ನನ್ನ ತಲೆ ಬಾಚುವಾಗ ನಿನ್ನ ಬೆರಳುಗಳಿಂದ ಬರುತ್ತಿದ್ದುದು ಅದೇ. ತಿರುಗುವ ಹಂಡೆಯಲ್ಲಿ ಸಕ್ಕರೆ ಗುಳಿಗೆಗಳಿಗೆ ಸುತ್ತಿನ ಮೇಲೆ ಸುತ್ತು ಬಣ್ಣದ ಪಾಕ ಹತ್ತಿಸುವವಳು ನೀನು. ಕೆಂಪಿಗೆ ಎಷ್ಟು ಕಂದು ಬೆರೆಸಿದರೆ ಇಟ್ಟಿಗೆ ಕೆಂಪು ಬರುತ್ತದೆ ಎಂದು ನನ್ನ ಕಣ್ಣಿಗೆ ಕಲಿಸಿದವಳೂ ನೀನೇ. ಮಿಠಾಯಿಯ ಹೊಳಪೊಂದನ್ನು ತೆಗೆಯಲು ನಿನಗೆ ಆಗಲಿಲ್ಲ.

ನನ್ನ ಮುಖ ನೋಡಿದ ಅತ್ತೆಗೆ ಇದು ಯಾರ ಕೈಕೆಲಸ ಎಂದು ಹೊಳೆಯಿತು. ನೀರು ತಂದುಕೊಟ್ಟರು.

ನಾಲ್ಕನೆಯ ತಿಂಗಳಲ್ಲಿ ನೀನು ಇಲ್ಲಿಗೆ ಬಂದಾಗ, ‘ಅಂಗಡಿಯವರನ್ನ ನಂಬಬೇಡ, ನಕಲಿ ಮಾತ್ರೆ ಮಾರ್ತಾರೆ, ನಾನೇ ಗೊತ್ತಿರೋ ಕಡೆಯಿಂದ ಕಳಿಸ್ತೀನಿ’ ಎಂದು ಡಾಕ್ಟರಮ್ಮ ಬರೆದ ಚೀಟಿ ಇಸಿದುಕೊಂಡು ಹೋದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರಮ್ಮ?

ಯಾಕೆ ಎಂದು ಕೇಳುವುದಿಲ್ಲ, ನನಗೆ ಗೊತ್ತು. ಚಿಕ್ಕಮ್ಮ. ನಿನ್ನ ಬೆನ್ನಿಗೆ ಬಿದ್ದ ತಂಗಿ ಹೆರಿಗೆಯಲ್ಲಿ ಹೋದಾಗ ಮಗು ತೀರಾ ದಪ್ಪವಿತ್ತು ಎಂದರು. ಶಕ್ತಿ ಮಾತ್ರೆ ನುಂಗಿ ನುಂಗಿಯೇ ಮಗು ಊದಿತು ಎಂದು ನಿಮ್ಮ ಕಾರ್ಖಾನೆಯ ಹೆಂಗಸರು ಆಡಿಕೊಂಡರು. ಕೂಸು ಸಣ್ಣಗಿದ್ದರೆ ನಿನ್ನ ಮಗಳು ಉಳಿಯುತ್ತಾಳೆ ಎಂದುಕೊಂಡೆ, ಅಲ್ಲವಾ?

ಡಾಕ್ಟರಮ್ಮನನ್ನು ಕೇಳಿದೆ. ಆ ಮಾತ್ರೆ ಮಗುವನ್ನು ಊದಿಸುವುದಿಲ್ಲವಂತೆ. ನನ್ನ ರಕ್ತ ಹೆಚ್ಚಿಸುತ್ತದೆ, ಆ ರಕ್ತದಿಂದಲೇ ಮಗುವಿಗೆ ಊಟ. ಮಗು ಸಣ್ಣದಾಗಿರುವುದಕ್ಕೆ ಇದೊಂದೇ ಕಾರಣ ಎಂದು ಖಂಡಿತವಾಗಿ ಹೇಳಲಾಗದು ಎಂದರು. ಆದರೆ ರಕ್ತವಿಲ್ಲದ ಹೆಂಗಸು ಹೆರಿಗೆಯಲ್ಲಿ ಚೂರು ಹೆಚ್ಚು ರಕ್ತ ಕಳೆದುಕೊಂಡರೂ ತಡೆಯುವುದಿಲ್ಲ ಎಂದೂ ಹೇಳಿದರು. ನೀನು ಯಾವ ಸಾವಿಗೆ ಹೆದರಿದೆಯೋ ಅದಕ್ಕೇ ನನ್ನ ಮನೆಯ ಬಾಗಿಲು ತೆರೆದಿಟ್ಟೆ. ನಿನ್ನ ಮೇಲೆ ನನಗೆ ವಿಪರೀತ ಸಿಟ್ಟು ಬಂದಿದೆ. ಸಿಟ್ಟಿನ ನಡುವೆಯೂ ನಿನ್ನನ್ನು ನೋಡಬೇಕು ಅನ್ನಿಸುತ್ತಿದೆ, ಅದಕ್ಕೆ ಇನ್ನೂ ಸಿಟ್ಟು.

ಈಗ ನಿಜವಾದ ಮಾತ್ರೆ ಶುರುವಾಗಿದೆ, ಜೊತೆಗೆ ರಕ್ತನಾಳಕ್ಕೂ ಔಷಧ ಹಾಕುತ್ತಿದ್ದಾರೆ. ಮಗು ಇನ್ನೂ ಮೈ ತುಂಬಿಕೊಳ್ಳಬಹುದು, ಮುಂದಿನ ಸ್ಕ್ಯಾನಿನಲ್ಲಿ ನೋಡೋಣ ಎಂದಿದ್ದಾರೆ. ಪ್ರತಿ ಮಾತ್ರೆಯನ್ನೂ ನಾಲಿಗೆಯ ಮೇಲೆ ಇಟ್ಟುಕೊಂಡು, ಆ ಕೆಟ್ಟ ಕಬ್ಬಿಣದ ರುಚಿ ಹತ್ತಿದ ಮೇಲೇ ನುಂಗುತ್ತೇನೆ. ಕುಡಿಯುವ ನೀರನ್ನೂ ಮೂಸಿ ನೋಡುವ ಹಾಗಾಗಿದೆ ನನ್ನ ಬಾಳು.

ಮೊನ್ನೆ ನಿನ್ನ ಹೊಸ ಜಾಡಿ ಬಂತು. ಬಿಚ್ಚಿಲ್ಲ. ಅದರಲ್ಲಿ ಏನಿದೆ ಎಂದು ನೀನೇ ಬರೆ. ನಿನ್ನ ಉತ್ತರ ಓದಿದ ಮೇಲೆ ಬಿಚ್ಚಿ ನೋಡುತ್ತೇನೆ. ಹೆರಿಗೆಗೆ ಬಾ, ಬರಿಗೈಯಲ್ಲಿ ಬಾ.

ಇನ್ನೂ ನಿನ್ನವಳೇ ಆದ,
ಹದ್ದುಗಣ್ಣಿ

ಮರೆತಿದ್ದು: ಗುರುವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಆ ಜಾಡಿ ಹಿಡಿದು, ಇದು ಯಾರ ಕೆಲಸ ಎಂದು ನಿನ್ನ ಅಳಿಯನ ಎದುರೇ ಗದರಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ‘ನಂದೇ. ಬುದ್ಧಿ ಇಲ್ದೆ ಮಾಡ್ಬಿಟ್ಟೆ’ ಎಂದರು. ಅಂದಿನಿಂದ ಮಗ ಅವರೊಡನೆ ಮಾತು ಬಿಟ್ಟಿದ್ದಾರೆ, ಅವರು ಬಡಿಸಿದರೆ ತಟ್ಟೆ ಮುಟ್ಟುವುದಿಲ್ಲ. ಯಾಕೆ ಹಾಗೆಂದಿರಿ ಎಂದು ಕೇಳಿದೆ. ‘ಹೆರಿಗೆ ಹೊತ್ತಲ್ಲಿ ನಿಂಗೆ ನಿನ್ನಮ್ಮ ಬೇಕಾಗ್ತಾಳೆ ಕಣೆ. ನನ್ನ ಮಗ ನನ್ನ ಬಿಟ್ಟು ಎಲ್ಲಿಗೆ ಹೋಗ್ತಾನೆ?’ ಎಂದು ನಕ್ಕರು. ನೀನು ಬಂದ ದಿನ ಮೊದಲು ನಿನ್ನ ಅಳಿಯನ ಹತ್ತಿರ ಹೋಗು, ಆಮೇಲೆ ನನ್ನ ಹತ್ತಿರ ಬಾ.