ಕಸವೆಂದು ಬರೆದದ್ದು ಯಾರನ್ನು?

ರುಟೊಬೊ ಗುಡ್ಡ, ಕಬಾಲೆ
ಆಗಸ್ಟ್ ೧೭, ೧೯೫೯

ಪ್ರೀತಿಯ ಎರೀಸನ ಅಪ್ಪನಿಗೆ,

ನಿಮ್ಮ ಜೆರಿಡಾಳ ನಮಸ್ಕಾರ. ಮೈಯಲ್ಲಿ ಹುಷಾರಾಗಿದ್ದೀರಾ? ಗಣಿಯ ಧೂಳಿಗೆ ಹತ್ತಿದ ಕೆಮ್ಮು ಬಿಟ್ಟಿತೇ? ಹೋದ ಸಲ ಕಳಿಸಿದ ಜೇನು ಮುಗಿದಿದ್ದರೆ ಹೇಳಿ, ಗೂಡು ಈ ಸಲವೂ ತುಂಬಿದೆ. ಇಲ್ಲಿ ಚಳಿಗೆ ಅತ್ತೆಯ ಮಂಡಿನೋವು ಹೆಚ್ಚಾಗಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ಬಟಾಣಿ ಕಿತ್ತು ಮುಗಿಯಿತು, ಜೋಳ ಅಂಗಳದಲ್ಲಿ ಒಣಗುತ್ತಿದೆ. ಕೊಸಿಯಾನ ಮುಂದಿನ ಹಲ್ಲು ಬಿದ್ದು, ನಿಮ್ಮ ಹೆಸರು ಹೇಳಲು ಹೋದರೆ ಬರೀ ಗಾಳಿ ಬರುತ್ತದೆ. ಎರೀಸ ಅವನನ್ನು ಬೇಕೆಂದೇ ಹೇಳಿಸಿ ನಗುತ್ತಾನೆ.

ಕ್ರಿಸ್ತನಲ್ಲಿ ರಕ್ಷಣೆ ಹೊಂದಿದೆ ಎಂದು ನೀವು ಬರೆದ ಪತ್ರವನ್ನು ಯೊನಸಾನಿ ಹಿರಿಯರು ಭಾನುವಾರದ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು ಓದಿದರು. ನೀಲಗಿರಿ ಮರಗಳ ಕೆಳಗೆ ಕೂತಿದ್ದವರೆಲ್ಲ ಎದ್ದು ಹಾಡಿದರು, ಹೆಂಗಸರು ಬಂದು ನನ್ನನ್ನು ತಬ್ಬಿಕೊಂಡರು. ಕೂಟಕ್ಕೆ ಸೇರಿದ ದಿನದಿಂದ ನಾನು ನಿಮಗಾಗಿ ಬೇಡುತ್ತಿದ್ದೆ, ಗುದ್ದಲಿ ಹಿಡಿದಾಗಲೂ ಬೇಡುತ್ತಿದ್ದೆ. ಅಂದು ನಾನೂ ಹಾಡಿದೆ. ಆದರೆ ಮನೆಗೆ ಬರುವ ದಾರಿಯಲ್ಲಿ ನಿಮ್ಮ ಒಂದು ಮಾತು ಕಾಲಿಗೆ ಚುಚ್ಚಿದ ಮುಳ್ಳಿನಂತೆ ಉಳಿಯಿತು. ‘ನನ್ನ ಮನೆಯ ಕಸವನ್ನೆಲ್ಲ ಗುಡಿಸಿ ಹೊರಗೆ ಹಾಕಿದ್ದೇನೆ’ ಎಂದು ಬರೆದಿದ್ದೀರಿ. ಬಾಟಲಿಯ ಹೆಸರು ಬರೆದಿದ್ದಿರಿ, ತಂಬಾಕಿನ ಹೆಸರು ಬರೆದಿದ್ದಿರಿ, ಯಾರದೋ ಸಲಿಕೆ ಕದ್ದದ್ದನ್ನೂ ಬರೆದಿದ್ದಿರಿ. ಇದೊಂದಕ್ಕೆ ಮಾತ್ರ ಯಾಕೆ ಹೆಸರಿಲ್ಲ? ಅತ್ತೆಗೆ ಹೇಳಿದಾಗ ಅವರು ಒಲೆ ಊದುತ್ತಲೇ, ‘ಚಿಕ್ಕಂದಿನಲ್ಲೂ ಅವ್ನು ಹಿಂಗೇ ಕಣೇ. ಹೊಳೇಲಿ ಮೈ ತೊಳ್ಕೊಂಡು ಬಾ ಅಂದ್ರೆ ಕಾಲಷ್ಟು ಒದ್ದೆ ಮಾಡ್ಕೊಂಡು ಬರ್ತಿದ್ದ’ ಎಂದರು. ನಾನು ನಕ್ಕೆ. ಅನುಮಾನ ಮಾತ್ರ ಹೋಗಲಿಲ್ಲ.

ಆಮೇಲೆ ನನ್ನ ಮೇಲೇ ಅನುಮಾನ ಬಂತು. ಗಂಡ ದೇವರ ಕಡೆ ತಿರುಗಿದರೆ ಹೆಂಡತಿಯ ಎದೆ ಹಗುರಾಗಬೇಕು, ನನ್ನದು ಯಾಕೆ ಭಾರವಾಯಿತು? ನೀವು ಕುಡುಕರಾಗಿಯೇ ಇದ್ದು ನಾನೊಬ್ಬಳೇ ಶುದ್ಧಳಾಗಿರುವುದು ನನಗೆ ರುಚಿಸಿತ್ತೋ ಏನೋ. ಕೂಟದಲ್ಲಿ ನಾನು ಎದ್ದು ಒಪ್ಪಿಕೊಳ್ಳುವ ಪಾಪಗಳನ್ನು ನೆನೆದುಕೊಂಡೆ. ನೆರೆಯವಳ ಹುರುಳಿ ಚೆನ್ನಾಗಿ ಬೆಳೆದದ್ದಕ್ಕೆ ಹೊಟ್ಟೆಕಿಚ್ಚುಪಟ್ಟೆ, ಅತ್ತೆಗೆ ಎದುರು ಮಾತಾಡಿದೆ, ಇಷ್ಟೇ. ಎಲ್ಲರೂ ಹಾಡುವಷ್ಟು ದೊಡ್ಡವು, ಯಾರೂ ಬೆಚ್ಚಿಬೀಳದಷ್ಟು ಸಣ್ಣವು. ಇದು ನಂಬಿಕೆಯೋ, ಅಭ್ಯಾಸವೋ?

ಅಷ್ಟರಲ್ಲಿ ಕೆಳಗಿನ ಕೇರಿಯ ಬುಜಾರ ಗಣಿಯಲ್ಲಿ ಬೆರಳು ಜಜ್ಜಿಕೊಂಡು ಊರಿಗೆ ಬಂದ. ನಿಮ್ಮ ಸಾಲುಮನೆಯಲ್ಲೇ ಇದ್ದವನಲ್ಲವೇ, ಕ್ಷೇಮಸಮಾಚಾರ ಕೇಳಲು ಹೋದೆ. ಅವನು ಮುಖ ತಿರುಗಿಸಿದ. ಬಿಡದೆ ಕೇಳಿದ ಮೇಲೆ ಹೇಳಿದ. ತೋರೊ ಕಡೆಯ ಹೆಂಗಸೊಬ್ಬಳು ನಿಮ್ಮ ಜೊತೆ ಇದ್ದಳಂತೆ, ಅಬ್ವೋಲಿ ಎಂದು ಕರೆಯುತ್ತಿದ್ದರಂತೆ. ಒಂದು ಹೆಣ್ಣುಮಗು ಇದೆಯಂತೆ. ಅಲ್ಲಿನ ಕೂಟದ ಸಹೋದರರು ಪಾಪವನ್ನು ಬಿಡು ಎಂದಾಗ ನೀವು ತಾಯಿ ಮಗು ಇಬ್ಬರನ್ನೂ ಹೊರಗೆ ಕಳಿಸಿದಿರಂತೆ. ದೊಡ್ಡ ಮಳೆಯಲ್ಲಿ ಜ್ವರ ಬಂದು ಅವಳು ತೀರಿಕೊಂಡಳಂತೆ. ಮಗು ಸಾಲುಮನೆಗಳ ಬಾಗಿಲು ಬಾಗಿಲಿಗೆ ಹೋಗಿ, ಕೊಟ್ಟವರ ಮನೆಯಲ್ಲಿ ತಿನ್ನುತ್ತದಂತೆ. ನಿಮ್ಮ ಬಾಗಿಲು ಮುಚ್ಚಿರುತ್ತದಂತೆ.

ಬುಜಾರ ಕುಡಿಯುವವನು, ಕೂಟದವರನ್ನು ಕಂಡರೆ ಆಗದವನು. ಸುಳ್ಳಿರಬಹುದು ಎಂದುಕೊಂಡು, ಮಗು ನೋಡಲು ಹೇಗಿದೆ ಎಂದು ಕೇಳಿದೆ. ‘ಮುಖ ಅವ್ರಮ್ಮಂದು. ಎಡಗಿವಿ ಮೇಲ್ಗಡೆ ಎಲೆ ಮಡಚ್ದಂಗೆ ಮಡಚ್ಕೊಂಡಿದೆ’ ಎಂದ. ಮನೆಗೆ ಬಂದು, ಗೆಣಸು ತಿನ್ನುತ್ತಿದ್ದ ಕೊಸಿಯಾನ ಮಡಚಿದ ಎಡಗಿವಿಯನ್ನು ನೋಡುತ್ತಾ ನಿಂತೆ. ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ತಮ್ಮ ತಲೆವಸ್ತ್ರ ಸರಿಸಿ, ಹಾಗೇ ಮಡಚಿದ ಎಡಗಿವಿ ತೋರಿಸಿ, ‘ಇದು ನಮ್ಮಪ್ಪಂದು. ಇದನ್ನ ಕಸ ಅಂತ ಬರ್ದಿದಾನಾ?’ ಎಂದು ಕೇಳಿದರು.

ನಿನ್ನೆಯ ಕೂಟದಲ್ಲಿ ಯೊನಸಾನಿ ಹಿರಿಯರು, ‘ಜೆರಿಡಾ, ನಿನ್ನ ಗಂಡನಿಗೆ ರಕ್ಷಣೆ ಸಿಕ್ಕಿದೆ. ನಿನ್ನ ಮುಖ ಯಾಕಮ್ಮಾ ಹಸಿ ಸೌದೆ ಥರ ಹೊಗೆಯಾಡ್ತಿದೆ? ಎದ್ದು ಸ್ತೋತ್ರ ಹೇಳು’ ಎಂದರು. ಎದ್ದೆ. ಸ್ತೋತ್ರದ ಬದಲು ಬುಜಾರ ಹೇಳಿದ್ದನ್ನೇ ಹೇಳಿದೆ. ಯಾರೂ ಹಾಡಲಿಲ್ಲ. ಹಿರಿಯರು ಮೆಲ್ಲಗೆ, ‘ಅದು ಹಿಂದಿನ ಜೀವನ ತಾಯೀ. ಕ್ರಿಸ್ತನ ರಕ್ತದಲ್ಲಿ ತೊಳೆದು ಹೋಗಿದೆ. ಹೂತದ್ದನ್ನ ಅಗೀಬೇಡ’ ಎಂದರು. ‘ಹಿಂದಿನದು ಹೇಗಾಗುತ್ತೆ ಹಿರಿಯರೇ? ಆ ಮಗುಗೆ ಇವತ್ತೂ ಹಸಿವಾಗಿರುತ್ತೆ’ ಎಂದೆ. ಗಂಡಸರು ನೆಲ ನೋಡಿದರು. ನನ್ನನ್ನು ತಬ್ಬಿಕೊಂಡಿದ್ದ ಹೆಂಗಸರಲ್ಲಿ ಇಬ್ಬರು ದೂರ ಸರಿದು ಕೂತರು. ಕೂಟ ಮುಗಿದ ಮೇಲೆ ಯೊನಸಾನಿಯವರ ಹೆಂಡತಿ ಮಾತ್ರ ನನ್ನ ಹಿಂದೆಯೇ ಬಂದು, ಬೆಟ್ಟದ ತಿರುವಿನ ತನಕ ನನ್ನ ಕೈ ಹಿಡಿದು ನಡೆದರು.

ನಾನು ಒಳ್ಳೆಯವಳೆಂದು ತಿಳಿಯಬೇಡಿ. ಆ ಹೆಂಗಸಿನ ಮೇಲೆ ನನಗೆ ಬಂದ ಸಿಟ್ಟು ಅವಳು ಸತ್ತಳೆಂದು ಕೇಳಿದರೂ ಇಳಿಯಲಿಲ್ಲ. ಆ ಕಿವಿಯನ್ನು ದಿನವೂ ನನ್ನ ಒಲೆಯ ಮುಂದೆ ನೋಡಬಲ್ಲೆನೇ, ಗೊತ್ತಿಲ್ಲ. ನೀವು ಅಳುತ್ತಾ ಮೊಣಕಾಲೂರಿದಿರಿ ಎಂದು ಬರೆದಿದ್ದೀರಿ, ನಂಬುತ್ತೇನೆ. ನಾನೂ ಅತ್ತಿದ್ದೇನೆ. ಕಣ್ಣೀರು ಇಬ್ಬರಿಗೂ ಸುಲಭವಾಗಿ ಬರುತ್ತದೆ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿಲ್ಲ. ಮಕ್ಕಳು ನಿಮ್ಮನ್ನು ಕೇಳುತ್ತಾರೆ. ದೇವರು ನಿಮ್ಮನ್ನು ಕಾಯಲಿ, ನಿಮ್ಮ ಬಾಗಿಲ ಹೊರಗೆ ಇರುವವರನ್ನೂ ಕಾಯಲಿ.

ಇಂತಿ ನಿಮ್ಮ,
ಜೆರಿಡಾ

ಮತ್ತೆ: ಈ ಪತ್ರ ಒಯ್ಯುವ ಬುಜಾರನ ತಮ್ಮ ಗಣಿಗೆ ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಉತ್ತರ ಬರೆಯಬೇಡಿ. ಗುರುವಾರದ ಲಾರಿಯಲ್ಲಿ ನಾನೇ ಬರುತ್ತಿದ್ದೇನೆ, ಮಕ್ಕಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ನಾನು ಬರುವ ಹೊತ್ತಿಗೆ ಮಗು ನಿಮ್ಮ ಮನೆಯೊಳಗಿರಲಿ. ಹೊರಗೆ ಕಂಡರೆ ಮೊದಲು ಅದರ ಕೈ ಹಿಡಿಯುತ್ತೇನೆ, ಆಮೇಲೆ ನಿಮ್ಮ ಬಾಗಿಲು ಬಡಿಯುತ್ತೇನೆ. ಅದನ್ನು ಏನೆಂದು ಕರೆಯಬೇಕೋ ಬುಜಾರನಿಗೆ ಗೊತ್ತಿಲ್ಲ. ನಿಮಗಾದರೂ ಅದರ ಹೆಸರು ಗೊತ್ತಿದೆ ತಾನೇ?